ಸೀಟಕ್ಕ ಕೇಳಿದ ದಾರಿ

ದೂರದ ದಾರಿ ಹಿಡಿಯುವವರೆಲ್ಲ ಗಾಡಿಯ ಇಂಜಿನ್ ನೋಡುತ್ತಾರೆ, ಸೀಟಕ್ಕ ಮಾತ್ರ ಕೂರುವವರ ಕುಂಡೆ ನೋಡುತ್ತಾಳೆ ಎನ್ನುವುದು ಲಾರಿ ಸ್ಟ್ಯಾಂಡಿನ ಹಳೆಯ ತಮಾಷೆ. ಆ ಮಾತಿಗೆ ಹೇಳಿದವರಿಗಿಂತ ಸೀಟಕ್ಕನೇ ಜೋರಾಗಿ ನಗುತ್ತಿದ್ದಳು. ಅವಳ ಕಸುಬೇ ಅದು. ಲಾರಿಯದೋ ಬಸ್ಸಿನದೋ ಬೈಕಿನದೋ, ಹರಿದ ಸೀಟೊಂದು ಅಂಗಡಿಗೆ ಬಂದರೆ ಮೇಲಿನ ರೆಕ್ಸಿನ್ ಕಿತ್ತು, ಒಳಗಿನ ಸ್ಪಂಜನ್ನು ಅಂಗೈಯಿಂದ ಒತ್ತಿ ನೋಡಿ, ಕುಗ್ಗಿದ ಕಡೆ ಹೊಸ ತುಂಡು ಅಂಟಿಸಿ, ಹೊದಿಕೆ ಎಳೆದು ಪಿನ್ನು ಹೊಡೆಯುವಳು. ಅಷ್ಟರಲ್ಲಿ ಆ ಡ್ರೈವರನ ಮನೆಯ ಕಥೆಯೆಲ್ಲ ಅವಳ ಕಿವಿಗೆ ಬಿದ್ದಿರುತ್ತಿತ್ತು. "ಕೂರೋದು ಸರಿಯಿದ್ರೆ ಅರ್ಧ ದಾರಿ ಮುಗಿದ ಹಾಗೆ" ಎನ್ನುವುದು ಅವಳ ಮಾತು. ಇಷ್ಟು ಹೇಳುವವಳು ತಾನು ಮಾತ್ರ ಊರಿನ ಕೊನೆಯ ಪೆಟ್ರೋಲ್ ಬಂಕ್ ದಾಟಿದವಳಲ್ಲ.

ಅಂಗಡಿ ಎಂದರೆ ತಗಡಿನ ಒಂದು ಕೋಣೆ. ಒಂದು ಪಕ್ಕಕ್ಕೆ ಪಂಕ್ಚರಿನವನು, ಇನ್ನೊಂದು ಪಕ್ಕಕ್ಕೆ ಟೀ ಅಂಗಡಿ. ಒಳಗೆ ಕಾಲಿಡಲು ಜಾಗವಿಲ್ಲದಂತೆ ರೆಕ್ಸಿನ್ ಸುರುಳಿಗಳು, ಮೂಗಿಗೆ ಹತ್ತುವ ಗಮ್ಮಿನ ವಾಸನೆ, ದಪ್ಪ ಸೂಜಿಯ ಹೊಲಿಗೆ ಮಿಶನ್. ಹೊರಗೆ ಮೆಟ್ಟಿಲ ಪಕ್ಕದಲ್ಲಿ ಗಂಡನ ಹಳೆಯ ಬೈಕು ನಿಂತಿರುತ್ತಿತ್ತು. ಸಿದ್ಧವಾದ ಸೀಟುಗಳನ್ನು ಹಿಂದೆ ಕಟ್ಟಿಕೊಂಡು ಗ್ಯಾರೇಜುಗಳಿಗೆ ಮುಟ್ಟಿಸಬೇಕಲ್ಲ, ಆ ನೆಪದಲ್ಲಿ ಅವಳು ಅದನ್ನು ಓಡಿಸಲು ಕಲಿತಿದ್ದಳು. ಕಲಿಯುವಾಗ ಟೀ ಅಂಗಡಿಯ ಬೆಂಚು ಒಂದು ಸಲ ಮುರಿದಿತ್ತು. ಟೀ ಅಂಗಡಿಯವನು ಅದನ್ನು ಇವತ್ತಿಗೂ ಆಡಿ ತೋರಿಸುತ್ತಾನೆ.

ಗಂಡ ಲಾರಿ ಡ್ರೈವರು. ಇಲ್ಲಿಂದ ಬಂದರಿನವರೆಗೆ ಹೋಗುವ ದೊಡ್ಡ ರಸ್ತೆಯೇ ಅವನ ರಸ್ತೆ. ಮನೆಗೆ ಬಂದಾಗಲೆಲ್ಲ ಊಟಕ್ಕೆ ಕೂತು ಆ ರಸ್ತೆಯ ಕಥೆ ಹೇಳುವುದೇ ಅವನಿಗೆ ಹಬ್ಬ. ಯಾವ ತಿರುವಿನಲ್ಲಿ ಗಾಳಿ ಲಾರಿಯನ್ನೇ ದೂಡುತ್ತದೆ, ಯಾವ ಟೀ ಅಂಗಡಿಯವನು ಲೋಟ ತೊಳೆದ ನೀರನ್ನೇ ಟೀ ಎಂದು ಕೊಡುತ್ತಾನೆ, ಯಾವ ಬಯಲಿನಲ್ಲಿ ಬೆಳಗಾಗುವಾಗ ಇಡೀ ಆಕಾಶ ಕಾಣುತ್ತದೆ. "ಮಗಳ ಮದುವೆ ಒಂದು ಆಗಿಬಿಡ್ಲಿ. ನಿನ್ನನ್ನ ಬೈಕಲ್ಲಿ ಕೂರಿಸ್ಕೊಂಡು ಪೂರ್ತಿ ತೋರಿಸ್ಕೊಂಡು ಬರ್ತೀನಿ. ಲಾರೀಲಿ ಕೂತ್ರೆ ಏನ್ ಕಾಣುತ್ತೆ, ಮುಂದಿನ ಲಾರಿ ಹಿಂಭಾಗ!" ಎನ್ನುತ್ತಿದ್ದ. ಮಗಳು ಆಗ ಹಾಲುಹಲ್ಲು ಉದುರುವ ವಯಸ್ಸಿನವಳು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುವ ಮಾತನ್ನು ಹಿರಿಯರು ಸುಮ್ಮನೆ ಮಾಡಿಟ್ಟಿಲ್ಲ.

ಒಂದು ಮಳೆಗಾಲ ಬಂದರಿನ ದಾರಿಯಲ್ಲಿ ನದಿ ಉಕ್ಕಿ ಮುಂದಿನ ಸೇತುವೆ ಕೊಚ್ಚಿಹೋಯಿತು. ಹಿಂದೆ ಗುಡ್ಡ ಜರಿದು ದಾರಿ ಮುಚ್ಚಿತು. ನಡುವೆ ಸಾಲುಗಟ್ಟಿ ನಿಂತ ಲಾರಿಗಳಲ್ಲಿ ಅವನದೂ ಒಂದು. ಅಲ್ಲಿಯೇ ಅವನಿಗೆ ಎದೆನೋವು ಬಂತು. ಆಸ್ಪತ್ರೆಗೆ ಒಯ್ಯೋಣವೆಂದರೆ ಹೋಗುವುದು ಯಾವ ಕಡೆಗೆ? ಜೀವ ಹೋದ ಮೇಲೂ ಅಷ್ಟೆ, ಮನೆಗೆ ತರುವ ದಾರಿಯಿಲ್ಲ, ಇಟ್ಟುಕೊಂಡು ಕಾಯುವಂತಿಲ್ಲ. ಸಾಲಿನಲ್ಲಿ ನಿಂತಿದ್ದ ಡ್ರೈವರುಗಳೇ ರಸ್ತೆ ಬದಿಯಲ್ಲಿ ಗುಂಡಿ ತೋಡಿ, ಅವನನ್ನು ಮಣ್ಣು ಮಾಡಿ, ತಲೆಯ ಕಡೆ ಒಂದು ಕಲ್ಲು ನೆಟ್ಟರು. ಆ ಲಾರಿಯ ಕ್ಲೀನರ್, ಆಗಿನ್ನೂ ಮೀಸೆ ಸರಿಯಾಗಿ ಮೂಡದವನು, ಸತ್ತವನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದ. ಬಾಗಿಲಲ್ಲಿ ನಿಂತು ಅವನ್ನು ಮುಂದೆ ಚಾಚಿದ. ಚಪ್ಪಲಿ ನೋಡಿದ ಮೇಲೆ ಯಾರೂ ಏನೂ ಕೇಳಲಿಲ್ಲ.

ಅವಳು ಆಗ ಮನೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತಿದ್ದವಳು. ಸೀಟಿನ ಕೆಲಸಕ್ಕೆ ಕೈಹಿಡಿದು ತಂದವರು ಗಂಡನ ಜೊತೆಯವರೇ. "ಬಟ್ಟೆ ಹೊಲಿಯೋ ಕೈಗೆ ರೆಕ್ಸಿನ್ ಏನ್ ಮಹಾ ಅಕ್ಕ?" ಎಂದು, ದಪ್ಪ ಮೀಸೆಯಿಂದಾಗಿ ಎಲ್ಲರೂ ಮೀಸೆ ಎಂದೇ ಕರೆಯುವ ಡ್ರೈವರು ತನ್ನ ಲಾರಿಯ ಸೀಟನ್ನೇ ಮೊದಲು ತಂದು ಹಾಕಿದ. ಅದು ಹರಿದೇ ಇರಲಿಲ್ಲ. ಹೊಲಿದು ಕೊಟ್ಟ ಮೇಲೆ ಮೊದಲಿಗಿಂತ ಕೆಟ್ಟದಾಗಿತ್ತು. ಅವನು ಅದರ ಮೇಲೆ ಕೂತು ಬಂದರಿಗೆ ಹೋಗಿ ಬಂದು, "ತೊಟ್ಟಿಲಲ್ಲಿ ಮಲಗಿದ ಹಾಗಿತ್ತು" ಎಂದ. ಸ್ಟ್ಯಾಂಡಿನವರು ಸುಳ್ಳು ಹೇಳಿದರೂ ಸತ್ಯದ ತಲೆಯ ಮೇಲೆ ಹೊಡೆದಂತೆ ಹೇಳುತ್ತಾರೆ ಎನ್ನುವುದು ಅವಳಿಗೆ ಅಂದೇ ಗೊತ್ತಾಗಬೇಕಿತ್ತು.

ಅತ್ತೆಯೂ ಜೊತೆಯಲ್ಲಿದ್ದರು. ಒಬ್ಬನೇ ಮಗ ಹೋದ ಮೇಲೆ ಮುದುಕಿಗೆ ಮನೆಯಲ್ಲಿ ಕಾಲು ನಿಲ್ಲಲಿಲ್ಲ. ಬೆಳಗಾದರೆ ಸೊಸೆಯ ಜೊತೆ ಅಂಗಡಿಗೆ ಬಂದು ಮೆಟ್ಟಿಲ ಮೇಲೆ ಕೂರುವರು. ಹಳೆಯ ಸೀಟುಗಳ ದಾರ ಬಿಚ್ಚಿಕೊಡುತ್ತ, ಹೋಗಿಬರುವ ಡ್ರೈವರುಗಳನ್ನು ಬೈಯುತ್ತ, ಬಂದರಿನ ಕಡೆಯಿಂದ ಬಂದವರು ಯಾರಾದರೂ ಕಂಡರೆ ಬೈಗುಳ ನಿಲ್ಲಿಸುವರು. ಕ್ಲೀನರ್ ಲೈಸೆನ್ಸ್ ಮಾಡಿಸಿ ತಾನೇ ಡ್ರೈವರಾಗಿ ಮೊದಲ ಸಲ ಆ ರಸ್ತೆಗೆ ಹೋಗಿ ಬಂದವನು ಅವರ ಮುಂದೆ ಕುಕ್ಕರಗಾಲಲ್ಲಿ ಕೂತು, "ಅಜ್ಜೀ, ಅಣ್ಣನ ಕಲ್ಲಿನ ಹತ್ರ ನಿಲ್ಲಿಸಿ ಜೋರಾಗಿ ಹಾರನ್ ಹೊಡೆದೆ. ಕೇಳಿಸಿರುತ್ತೆ ಬಿಡು" ಎಂದಿದ್ದ. ಮುದುಕಿ ಅವನ ಕೆನ್ನೆ ಸವರಿ ಅತ್ತರು. ಅಂದು ತುಂಬಾ ದಿನಗಳ ಮೇಲೆ ಹೊಟ್ಟೆ ತುಂಬ ಉಂಡರು.

ಅಲ್ಲಿಂದ ಅದೊಂದು ಪದ್ಧತಿಯೇ ಆಗಿಹೋಯಿತು. ಸ್ಟ್ಯಾಂಡಿನಿಂದ ಬಂದರಿಗೆ ಹೋಗುವ ಪ್ರತಿ ಲಾರಿಯೂ ಆ ಕಲ್ಲಿನ ಬಳಿ ಹಾರನ್ ಹೊಡೆಯಬೇಕು, ಬಂದವರು ಮೆಟ್ಟಿಲಿನ ಹತ್ತಿರ ವರದಿ ಒಪ್ಪಿಸಬೇಕು. "ಹೊಡೆದೆಯೇನಪ್ಪಾ?" ಎಂದು ಮುದುಕಿ ಕೇಳುವರು. "ಹೊಡೆದೆ ಅಜ್ಜಿ." ಅಷ್ಟಕ್ಕೆ ಬಿಡುವ ಗಿರಾಕಿಯೇ ಅವರು? "ಹೇಗಿದೆ ಜಾಗ?" ಎನ್ನುವರು. ಒಬ್ಬ ಕಲ್ಲಿಗೆ ನೀಲಿ ಬಣ್ಣ ಬಳಿದಿದ್ದೇವೆ ಎಂದ. ಇನ್ನೊಬ್ಬ ಪಕ್ಕದ ಬೇವಿನ ಮರ ಈಗ ನೆರಳು ಕೊಡುವಷ್ಟಾಗಿದೆ ಎಂದ. ಮತ್ತೊಬ್ಬ ಹುಣಿಸೆಮರ ಎಂದ. ನೆರಳಲ್ಲಿ ಒಂದು ನಾಯಿ ಮರಿ ಹಾಕಿತ್ತು ಎಂದ ಇನ್ನೊಬ್ಬ. ಎಡಗಡೆ ಎಂದವರಿದ್ದರು, ಬಲಗಡೆ ಎಂದವರಿದ್ದರು. ಮಿಶನ್ನಿನ ಮುಂದೆ ಕೂತ ಸೀಟಕ್ಕ ಇದೆಲ್ಲವನ್ನೂ ಕೇಳಿಸಿಕೊಳ್ಳುತ್ತ, ಹೋಗುವಾಗ ಎಡವಾದದ್ದು ಬರುವಾಗ ಬಲವಾಗುತ್ತದಲ್ಲ ಎಂದು ತಾನೇ ಹೊಂದಿಸಿಕೊಳ್ಳುತ್ತಿದ್ದಳು. ಬೇವು ಹುಣಿಸೆ ಎರಡೂ ಇರಬಹುದು. ಗಂಡನಿಗೆ ಇಷ್ಟು ನೆರಳಿದೆ ಎಂದುಕೊಂಡರೆ ಅವಳಿಗೂ ಕೆಲಸ ಹಗುರಾಗುತ್ತಿತ್ತು.

ವರ್ಷಗಳು ಹಾಗೆಯೇ ಉರುಳಿದವು. ಮಗಳು ಓದಿ, ಔಷಧಿ ಅಂಗಡಿಯಲ್ಲಿ ಕೆಲಸ ಹಿಡಿದು, ಅಲ್ಲೇ ಹಿಂದಿನ ಬೀದಿಯವನನ್ನು ಮದುವೆಯಾದಳು. ಅತ್ತೆ ಹಾಸಿಗೆ ಹಿಡಿದು, ಹೋದ ವರ್ಷ ಕಣ್ಣು ಮುಚ್ಚಿದರು. ಕೊನೆಯ ದಿನಗಳಲ್ಲಿ ಮನೆಗೆ ನೋಡಲು ಬಂದ ಡಾಕ್ಟರನ್ನೂ "ಹೊಡೆದೆಯೇನಪ್ಪಾ?" ಎಂದು ಕೇಳಿದ್ದರು. ಆತ ಕಕ್ಕಾಬಿಕ್ಕಿಯಾಗಿ ಸೀಟಕ್ಕನ ಮುಖ ನೋಡಿದರೆ, ಅವಳು ಹೂಂ ಅನ್ನಿ ಎಂದು ಕಣ್ಸನ್ನೆ ಮಾಡಿದಳು. ಡಾಕ್ಟರೂ ಹೂಂ ಎಂದರು.

ಅತ್ತೆಯ ಹಾಸಿಗೆ ಮಡಿಸಿಟ್ಟ ಮೇಲೆ ಮನೆ ಬಿಕೋ ಎನ್ನತೊಡಗಿತು. ಇಷ್ಟು ವರ್ಷ ಮಗಳು, ಅತ್ತೆ, ಕೆಲಸ ಎಂದು ಅದುಮಿಟ್ಟಿದ್ದ ಒಂದೇ ಒಂದು ಆಸೆ ಸೀಟಕ್ಕನ ಎದೆಯಲ್ಲಿ ಎದ್ದು ಕೂತಿತು. ಗಂಡನ ಮುಖವನ್ನು ಕೊನೆಯ ಸಲ ನೋಡಲಿಲ್ಲ, ಹಿಡಿ ಮಣ್ಣು ಹಾಕಲಿಲ್ಲ. ಆ ಕಲ್ಲಿನ ಹತ್ತಿರ ಒಂದು ಹೊತ್ತು ಕೂತು ಬರಬೇಕು. ಅವನ ಬೈಕಿನಲ್ಲಿ, ಅವನು ಹೇಳಿದ ದಾರಿಯಲ್ಲಿ.

"ಬಸ್ಸಲ್ಲಿ ಹೋಗಮ್ಮ, ನಾನೂ ಬರ್ತೀನಿ" ಎಂದಳು ಮಗಳು.

"ಬಸ್ಸು ಅಲ್ಲಿ ನಿಲ್ಲಲ್ಲ ಕಣೆ. ಅದೇನು ಊರಾ, ಸ್ಟಾಪಾ? ನಡುದಾರಿ."

"ಈ ವಯಸ್ಸಲ್ಲಿ ಅಷ್ಟು ದೂರ ಬೈಕಾ? ಬಿದ್ದು ಗಿದ್ದು ಸೊಂಟ ಮುರ್ಕೊಂಡ್ರೆ?"

"ಮುರಿದ್ರೆ ನಿನ್ನ ಅಂಗಡೀಲೇ ಮಾತ್ರೆ ತಗೋತೀನಿ ಬಿಡು. ವ್ಯಾಪಾರ ಆಗುತ್ತೆ."

ಮಗಳು ನಗಲಿಲ್ಲ. ಆದರೆ ತಡೆಯಲೂ ಇಲ್ಲ.

ಸುದ್ದಿ ಸ್ಟ್ಯಾಂಡಿನಲ್ಲಿ ಹರಡಿದ್ದೇ ತಡ, ಸಲಹೆಗಳ ಮಳೆ ಶುರುವಾಯಿತು. ಬಿಟ್ಟಿ ಸಲಹೆಗೆ ಯಾವ ಊರಲ್ಲೂ ಬರವಿಲ್ಲ. ಪಂಕ್ಚರಿನವನು ಎರಡು ಟ್ಯೂಬು, ಗಾಳಿ ಪಂಪು, ಟಯರ್ ಬಿಚ್ಚುವ ಸಲಾಕೆ ಎಲ್ಲವನ್ನೂ ಕಟ್ಟಿಟ್ಟು, ಅವಳನ್ನು ನೆಲದಲ್ಲಿ ಕೂರಿಸಿ, ಚಕ್ರ ಬಿಚ್ಚಿ ಹಾಕುವುದನ್ನು ಕೈಯಾರೆ ಮಾಡಿಸಿದ. ಟೀ ಅಂಗಡಿಯವನು ಹೊಟ್ಟೆ ಖಾಲಿ ಇಟ್ಟುಕೊಂಡು ಗಾಡಿ ಓಡಿಸಬೇಡ ಎಂದ. ಊರು ಬಿಟ್ಟು ಹೋಗದ ಅವನ ಹೆಂಡತಿ ಹೊಟ್ಟೆ ತುಂಬಿದರೆ ನಿದ್ದೆ ಬರುತ್ತದೆ ಎಂದಳು. ರಿಟೈರಾದ ಕಂಡಕ್ಟರೊಬ್ಬರು ಬಂದು ದಾರಿಯ ಊರುಗಳ ಹೆಸರನ್ನು ಟಿಕೆಟ್ ಹರಿಯುವ ರಾಗದಲ್ಲಿ ಹೇಳಿಹೋದರು. ಬೆಳಗ್ಗೆ ಬೇಗ ಹೊರಡು ಎಂದು ಒಬ್ಬರು, ಬಿಸಿಲೇರಿದ ಮೇಲೆ ಹೊರಡು ಎಂದು ಇನ್ನೊಬ್ಬರು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಸೀಟಕ್ಕ ಎಲ್ಲರಿಗೂ ತಲೆಯಾಡಿಸುತ್ತ ತನಗೆ ಬೇಕಾದ್ದನ್ನು ಮಾತ್ರ ಕಿವಿಗೆ ಹಾಕಿಕೊಂಡಳು. ಕಲ್ಲಿನ ಹತ್ತಿರ ಕೂರಲು ಎಂದು ಒಳ್ಳೆಯ ಸ್ಪಂಜಿನಲ್ಲಿ ಒಂದು ಚಿಕ್ಕ ಮೆತ್ತೆ ಕತ್ತರಿಸಿಟ್ಟಳು. ಹೊದಿಕೆಯನ್ನು ಆಮೇಲೆ ನಿಧಾನವಾಗಿ ಹೊಲಿದರಾಯಿತು ಎಂದುಕೊಂಡಳು.

ವಿಚಿತ್ರವೆಂದರೆ, ದಾರಿ ಗೊತ್ತಿಲ್ಲದವರೆಲ್ಲ ಬಾಯ್ತುಂಬ ಸಲಹೆ ಕೊಟ್ಟರು. ದಾರಿ ಗೊತ್ತಿದ್ದ ಡ್ರೈವರುಗಳು ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡತೊಡಗಿದರು. ಕೇಳಿದರೆ, ಈಗ ಗಾಳಿ ಜಾಸ್ತಿ ಅಕ್ಕ. ಗಾಳಿ ನಿಂತ ಮೇಲೆ, ಈಗ ಬಿಸಿಲು ಅಕ್ಕ. ಬಿಸಿಲು ಇಳಿದ ಮೇಲೆ, ಮಳೆ ಶುರುವಾಗಬಹುದು, ಮುಗಿದ ಮೇಲೆ ನೋಡೋಣ. "ಅಲ್ರೋ, ಋತು ಎಲ್ಲಾ ಒಂದು ಸುತ್ತು ಬಂತು. ಇನ್ನು ಯಾವ ಕಾಲಕ್ಕೆ ಕಾಯ್ಲಿ?" ಎಂದು ರೇಗಿದರೆ, ಅವರು ಲಾರಿಯ ಟಯರು ಒದ್ದು ನೋಡಿಕೊಂಡು ಜಾಗ ಖಾಲಿ ಮಾಡುವರು. ಕ್ಲೀನರಂತೂ ಅಂಗಡಿಯ ಕಡೆ ತಲೆ ಹಾಕುವುದನ್ನೇ ಬಿಟ್ಟ. ಅವನಿಗೀಗ ತಲೆ ನರೆತಿದೆ, ಸ್ವಂತ ಲಾರಿಯಿದೆ. ಆದರೂ ಸ್ಟ್ಯಾಂಡಿನವರ ಬಾಯಲ್ಲಿ ಅವನು ಇಂದಿಗೂ ಕ್ಲೀನರೇ.

ಹೆಂಗಸು, ವಯಸ್ಸಾದವಳು, ಇವಳ ಕೈಲಿ ಆಗುವುದಿಲ್ಲ ಎಂದುಕೊಂಡಿದ್ದಾರೆ ಎಂದೇ ಸೀಟಕ್ಕ ತಿಳಿದಳು. ಅವಳಿಗೆ ಉರಿದುಹೋಯಿತು. ಒಂದು ಭಾನುವಾರ ಬೆಳಗ್ಗೆ ಬೈಕು ಹತ್ತಿ ಆ ಕೊನೆಯ ಪೆಟ್ರೋಲ್ ಬಂಕನ್ನು ದಾಟಿ, ದೊಡ್ಡ ರಸ್ತೆಯಲ್ಲಿ ಮಧ್ಯಾಹ್ನದವರೆಗೆ ಓಡಿಸಿ ಹಿಂದಿರುಗಿದಳು. ಮುಖದ ಮೇಲೆಲ್ಲ ಧೂಳು, ಕಣ್ಣು ಕೆಂಪು. ಸ್ಟ್ಯಾಂಡಿನ ನಡುವೆ ಬೈಕು ನಿಲ್ಲಿಸಿ, "ಈಗೇನಂತೀರಿ?" ಎಂದಳು. ಡ್ರೈವರುಗಳು ಚಪ್ಪಾಳೆ ತಟ್ಟಿದರು. ಆದರೆ ಮುಖದಲ್ಲಿ ಕಳೆಯಿರಲಿಲ್ಲ.

ಮರುದಿನವೇ ಮೀಸೆ ಡ್ರೈವರನ್ನೂ, ಯಾವಾಗಲೂ ಟೋಪಿ ಹಾಕಿಕೊಂಡೇ ಇರುವುದರಿಂದ ಟೋಪಿ ಎಂದೇ ಹೆಸರಾದ ಇನ್ನೊಬ್ಬ ಡ್ರೈವರನ್ನೂ ಅಂಗಡಿಗೆ ಕರೆಸಿದಳು. ನೆಲದ ಮೇಲೆ ಕರಿ ರೆಕ್ಸಿನ್ನಿನ ಒಂದು ದೊಡ್ಡ ತುಂಡು ಹರಡಿ, ಗುರುತು ಹಾಕುವ ಸೀಮೆಸುಣ್ಣವನ್ನು ಅವರ ಕೈಗೆ ಕೊಟ್ಟಳು. "ಬಾಯಲ್ಲಿ ಹೇಳಿದ್ದು ಸಾಕು. ಇದರ ಮೇಲೆ ಹಾಕಿ ತೋರ್ಸಿ. ಎಲ್ಲಿ ಪೆಟ್ರೋಲು, ಎಲ್ಲಿ ತಂಗೋದು, ಎಲ್ಲಿ ತಿರುವು."

ದಾರಿ ಎಂದ ಮೇಲೆ ಡ್ರೈವರನಿಗೆ ಕೈ ಸುಮ್ಮನಿರುತ್ತದೆಯೇ? ಸ್ವಲ್ಪ ಹೊತ್ತಿನಲ್ಲೇ ಇಬ್ಬರೂ ಮಂಡಿಯೂರಿ ಕೂತು ಒಬ್ಬರನ್ನೊಬ್ಬರು ತಿದ್ದತೊಡಗಿದರು. ಗಾಳಿ ದೂಡುವ ತಿರುವು ಬಂತು. "ಇಲ್ಲಿ ಹ್ಯಾಂಡಲ್ ಗಟ್ಟಿ ಹಿಡೀಬೇಡಿ ಅಕ್ಕ, ಗಟ್ಟಿ ಹಿಡಿದ್ರೇ ಎಳೆಯೋದು" ಎಂದ ಮೀಸೆ. ಹೆಂಗಸರು ನಡೆಸುವ, ಬೀಗ ಸರಿಯಾಗಿರುವ ಒಂದು ವಸತಿಗೃಹ ಬಂತು. ಗಂಡ ಬೈಯುತ್ತಿದ್ದ ಟೀ ಅಂಗಡಿಯೂ ಬಂತು. ಅವನ ಮಗ ಈಗಲೂ ಅಷ್ಟೇ ಕೆಟ್ಟದಾಗಿ ಟೀ ಮಾಡುತ್ತಾನಂತೆ. ಸೀಟಕ್ಕನಿಗೆ ನಗುವೂ ಬಂತು, ಕಣ್ಣೂ ತುಂಬಿತು. ಬೆಳಗಾಗುವ ಬಯಲು ಬಂತು, ಟೋಲ್ ಗೇಟು ಬಂತು, ಆಮೇಲೆ ನದಿ, ಹೊಸ ಸೇತುವೆ.

"ಸರಿ. ಈಗ ಕಲ್ಲು ಹಾಕಿ" ಎಂದಳು.

ಸೀಮೆಸುಣ್ಣ ಹಿಡಿದ ಕೈ ನಿಂತಿತು. ಮೀಸೆ ತುಸು ತಡೆದು, ಸೇತುವೆಗೆ ಹಿಂದೆ, ಎಡಕ್ಕೆ ಒಂದು ಚುಕ್ಕೆ ಇಟ್ಟ. ಆಗ ಬಾಗಿಲಿಂದ ಹೊರಗೆ ನೋಡುತ್ತಿದ್ದ ಟೋಪಿ ಅದನ್ನು ಗಮನಿಸದೆ, ಸೀಮೆಸುಣ್ಣ ಕೈಗೆ ಬಂದ ಕೂಡಲೇ ಸೇತುವೆ ದಾಟಿ ಬಲಕ್ಕೆ ದುಂಡಗೆ ಒಂದು ಸುತ್ತು ಎಳೆದು, "ಇಲ್ಲೇ ಅಕ್ಕ, ಹುಣಿಸೆಮರದ ಬುಡದಲ್ಲಿ" ಎಂದ.

"ನನ್ನ ಗಂಡ ಒಬ್ಬನೇ ಕಣ್ರೋ. ಹೊಳೆಯ ಆಚೆಗೊಬ್ಬ ಈಚೆಗೊಬ್ಬ ಮಲಗಿಸಿದ್ದೀರಲ್ಲ?" ಎಂದು ಸೀಟಕ್ಕ ನಕ್ಕಳು.

ಅವರು ನಗಲಿಲ್ಲ. ಮೀಸೆ ಟೋಪಿಯನ್ನು ನೋಡಿದ, ಟೋಪಿ ನೆಲ ನೋಡಿದ. ಸೀಟಕ್ಕನ ನಗು ಮುಖದ ಮೇಲೆಯೇ ಒಣಗಿತು. "ಹೊಡೀತೀರಲ್ಲ ಪ್ರತಿ ಸಲ ಹಾರನ್ನು? ಎಲ್ಲಿ ಹೊಡೀತೀರಿ?" ಎಂದಳು. ಮೀಸೆ, ಲೋಡು ಇಳಿಸುವವರು ಕಾಯುತ್ತಿದ್ದಾರೆ ಎಂದು ಎದ್ದ. ಟೋಪಿಗೂ ಏನೋ ಕೆಲಸ ನೆನಪಾಯಿತು. ತರಿಸಿದ ಟೀ ಹಾಗೇ ಆರಿ ಕೆನೆಗಟ್ಟಿತು. ದುಃಖಿಸುವವರಿಗೆ ಸಮಾಧಾನ ಹೇಳುವಾಗ ಎಡ ಬಲ ಬೇಕಾಗಿಲ್ಲ. ದಾರಿ ಕೇಳುವವರಿಗೆ ಬೇಕು. ಅಷ್ಟು ವರ್ಷ ಅವಳು ಹೊಂದಿಸಿಕೊಂಡು ಬಂದಿದ್ದ ಬೇವು, ಹುಣಿಸೆ, ನೀಲಿ ಬಣ್ಣ, ನಾಯಿಮರಿ ಎಲ್ಲವೂ ಆ ಕರಿ ರೆಕ್ಸಿನ್ನಿನ ಮೇಲೆ ಒಂದಕ್ಕೊಂದು ಕೂಡದೆ ಬಿದ್ದಿದ್ದವು. ಅಂಗಡಿಯ ಬಾಗಿಲು ಎಳೆದು ನೇರವಾಗಿ ಕ್ಲೀನರನ ಮನೆಗೆ ನಡೆದಳು.

ಅವನು ಮನೆಯ ಮುಂದೆ ಬಕೆಟ್ಟು ಇಟ್ಟುಕೊಂಡು ಲಾರಿಯ ಗಾಜು ಒರೆಸುತ್ತಿದ್ದ. ಅವಳನ್ನು ಕಂಡದ್ದೇ ಕೈಯಲ್ಲಿದ್ದ ಬಟ್ಟೆ ಹಿಂಡುತ್ತ ನಿಂತ. ಹಿಂಡಿದ, ಮತ್ತೆ ಹಿಂಡಿದ. ನೀರು ಮುಗಿದ ಮೇಲೂ ಹಿಂಡುತ್ತಿದ್ದ.

"ಕಲ್ಲು ಇದೆಯಾ ಇಲ್ವಾ?" ಎಂದಳು ಸೀಟಕ್ಕ.

"ಕೂತ್ಕೊಳ್ಳಿ ಅಕ್ಕ."

"ಕೂರೋಕೆ ಬಂದಿಲ್ಲ. ಇದೆಯಾ, ಇಲ್ವಾ?"

"ಇಲ್ಲ" ಎಂದ. ಆಮೇಲೆ ಲಾರಿಯ ಮೆಟ್ಟಿಲ ಮೇಲೆ ತಾನೇ ಕುಸಿದು ಕೂತ. "ಇತ್ತು. ನಿಮ್ಮಾಣೆ ಇತ್ತು ಅಕ್ಕ. ನೀಲಿ ಬಣ್ಣ ನಾನೇ ಬಳಿದಿದ್ದೆ. ಮರ ನಾನು ನೋಡಿದಾಗ ಯಾವ್ದೂ ಇರ್ಲಿಲ್ಲ, ಅದನ್ನ ಉಳಿದ ಡ್ರೈವರುಗಳು ಸೇರ್ಸಿದ್ದು. ರಸ್ತೆ ಅಗಲ ಮಾಡೋಕೆ ಶುರು ಮಾಡಿದ್ರಲ್ಲ... ಒಂದು ಸಲ ಲೋಡು ತಗೊಂಡು ಹೋಗ್ತೀನಿ, ಮಣ್ಣು ದೂಡೋ ಮಿಶನ್ನು ಎಲ್ಲಾ ಸಮ ಮಾಡಿಬಿಟ್ಟಿತ್ತು. ಇಳಿದು ಓಡಿದೆ. ಇಲ್ಲಿ ಒಬ್ರಿದ್ದಾರೆ, ನಮ್ಮಣ್ಣ ಇದ್ದಾನೆ ಅಂದೆ. ಅಲ್ಲಿದ್ದವನು ಏನಾದ್ರೂ ಕಾಗದ ಇದೆಯಾ ಅಂದ. ನನ್ನ ಹತ್ರ ಏನಿತ್ತು? ಹಿಂದೆ ಲಾರಿಗಳು ನಿಂತು ಹಾರನ್ ಹೊಡೀತಾ ಇದ್ವು. ಗಾಡಿ ತೆಗೆದೆ. ಮುಂದಿನ ಸಲ ಹೋದಾಗ ಟಾರು ಹಾಕಿದ್ರು."

"ರಸ್ತೆ ಕೆಳಗಾ?"

ಅವನು ತಲೆಯಾಡಿಸಿದ.

ಸೀಟಕ್ಕ ಲಾರಿಯ ಚಕ್ರ ಹಿಡಿದುಕೊಂಡು ನಿಂತಳು. ಕ್ಲೀನರನ ಹೆಂಡತಿ ನೀರಿನ ಲೋಟ ತಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

"ನಂಗೆ ಯಾಕೋ ಹೇಳ್ಲಿಲ್ಲ? ನಾನೇನು ಸತ್ತುಹೋಗ್ತಿದ್ನಾ?"

"ಹೇಳ್ಬೇಕು ಅಂತಾನೇ ಬಂದೆ ಅಕ್ಕ. ಅಜ್ಜಿ ಮೆಟ್ಟಿಲ ಮೇಲೆ ಕೂತಿತ್ತು. ಹೊಡೆದೆಯೇನಪ್ಪಾ ಅಂತು. ಏನು ಹೇಳ್ಲಿ? ಹೊಡೆದೆ ಅಂದೆ. ಒಂದು ಸಲ ಅಂದ ಮೇಲೆ ಮುಗೀತು, ಬೇರೆಯವರಿಗೂ ಬಾಯಿ ಬಿಡಬೇಡಿ ಅಂದೆ. ನಿಮಗೊಬ್ಬರಿಗೆ ಹೇಳಿದ್ರೆ ನಿಮ್ಮ ಮುಖಾನೇ ಅಜ್ಜಿಗೆ ಹೇಳಿಬಿಡ್ತಿತ್ತು."

ಅದು ನಿಜವೇ. ಅತ್ತೆಯ ಎದುರು ಅವಳ ಮುಖ ಯಾವತ್ತೂ ಏನನ್ನೂ ಮುಚ್ಚಿಟ್ಟದ್ದಿಲ್ಲ. ಆದರೂ ಸಿಟ್ಟು ಇಳಿಯಲಿಲ್ಲ. ಈ ಜನ ತನ್ನ ಕಣ್ಣಿಗೆ ಬಟ್ಟೆ ಕಟ್ಟಿದರು, ಅದೂ ಎಷ್ಟು ಮೆತ್ತಗೆ ಕಟ್ಟಿದರೆಂದರೆ ಕಟ್ಟಿದ್ದೇ ಗೊತ್ತಾಗಲಿಲ್ಲ. ಬೈಯೋಣವೆಂದರೆ, ಯಾರನ್ನು? ಗುಂಡಿ ತೋಡಿದ್ದು ಇವರೇ, ಕಲ್ಲು ನೆಟ್ಟದ್ದು ಇವರೇ, ಹರಿಯದ ಸೀಟು ತಂದು ಅನ್ನ ಕೊಟ್ಟದ್ದೂ ಇವರೇ.

"ಈಗ ಯಾರೂ ಹಾರನ್ ಹೊಡೆಯಲ್ಲ ಅಲ್ವಾ?" ಎಂದು ಕೊನೆಗೆ ಕೇಳಿದಳು.

"ಬೇರೆಯವರದು ಗೊತ್ತಿಲ್ಲ. ನಂಗಂತೂ ಕೈ ಬರಲ್ಲ ಅಕ್ಕ." ಕ್ಲೀನರ್ ಒದ್ದೆ ಬಟ್ಟೆಯಿಂದಲೇ ಮುಖ ಒರೆಸಿಕೊಂಡ. "ಅಣ್ಣನ ಮೇಲೇ ಲಾರಿ ಹತ್ತಿಸ್ಕೊಂಡು ಹೋಗ್ತಾ, ಹಾರನ್ ಬೇರೆ ಹೊಡೀಲಾ?"

ಅವನು ಮಗುವಿನ ಹಾಗೆ ಅತ್ತ. ಚಪ್ಪಲಿ ಹಿಡಿದು ಬಂದ ದಿನ ಅಳಲಾಗದೆ ನಿಂತವನು ಈಗ, ತಲೆ ನರೆತ ಮೇಲೆ, ಹಾಡುಹಗಲಲ್ಲಿ ಬೀದಿಯಲ್ಲಿ ಕೂತು ಅತ್ತ. ಸೀಟಕ್ಕ ಅವನ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಅವಳು ಮೂಗು ಒರೆಸಿಕೊಂಡು, ದಾರಿ ಕೇಳುವವರ ದನಿಯಲ್ಲಿ ಕೇಳಿದಳು:

"ಹಂಗಾದ್ರೆ ನಾನು ಗಾಡಿ ಎಲ್ಲಿ ಓಡಿಸ್ಬೇಕು ಹೇಳು. ಎಡಕ್ಕಾ, ಬಲಕ್ಕಾ?"

ಕ್ಲೀನರನಿಗೆ ಮೊದಲು ಅರ್ಥವಾಗಲಿಲ್ಲ.

"ನನ್ನ ಚಕ್ರ ಅವರ ಮೇಲೆ ಹೋಗ್ಬಾರ್ದು ಕಣೋ. ಯಾವ ಕಡೆ ಒತ್ತಿ ಹೋಗ್ಲಿ?"

ಅವನು ಕಣ್ಣು ಮುಚ್ಚಿದ. ಹಳೆಯ ಕಿರಿದಾದ ರಸ್ತೆ, ಮಳೆ, ಸಾಲು ನಿಂತ ಲಾರಿಗಳು, ತಾನು ಹಿಡಿದಿದ್ದ ಸಲಿಕೆ ಎಲ್ಲವನ್ನೂ ಒಳಗೇ ನೋಡಿಕೊಂಡವನಂತೆ ನಿಧಾನವಾಗಿ ಹೇಳಿದ. "ಹೋಗೋವಾಗ ಪೂರ್ತಿ ಎಡಕ್ಕೆ ಹೋಗಿ ಅಕ್ಕ. ಅಂಚಲ್ಲಿ ಬಿಳಿ ಗೆರೆ ಇದೆ. ಅದರಿಂದಾಚೆಗೆ. ಬಲಕ್ಕೆ ಬರಲೇಬೇಡಿ."

"ಎಲ್ಲಿಂದ ಎಲ್ಲಿವರೆಗೆ?"

"ಸರಿಯಾದ ಜಾಗ ಈಗ ನಂಗೂ ಗೊತ್ತಾಗಲ್ಲ, ಎಲ್ಲಾ ಒಂದೇ ಥರ ಇದೆ. ಟೋಲ್ ದಾಟಿದ ಮೇಲಿಂದ ಸೇತುವೆವರೆಗೂ ಹಂಗೇ ಹೋಗ್ಬಿಡಿ."

ಇಷ್ಟು ತಿಂಗಳಲ್ಲಿ ಅವಳಿಗೆ ಸಿಕ್ಕ ಸಲಹೆಗಳಲ್ಲಿ ಅದೊಂದೇ ಬೇಕಾದ ಸಲಹೆಯಾಗಿತ್ತು.

ಮನೆಗೆ ಹೋಗಿ ಅವಳು ಮಗಳಿಗೆ ಎಲ್ಲ ಹೇಳಿದಳು. ಮಗಳು, ಇನ್ನು ಹೋಗಿ ಏನು ಮಾಡುತ್ತೀಯಮ್ಮ, ನೋಡುವುದಕ್ಕೆ ಏನಿದೆ ಎಂದು ಅವಳನ್ನು ತಬ್ಬಿಕೊಂಡಳು. ಸೀಟಕ್ಕ ಅಂಗಡಿಗೆ ಹೋಗಿ, ಸೀಮೆಸುಣ್ಣದ ಗೆರೆಗಳಿದ್ದ ಆ ಕರಿ ರೆಕ್ಸಿನ್ನನ್ನು ಒರೆಸದೆ ಮಗುಚಿ, ಮೆತ್ತೆಯ ಅಳತೆಗೆ ಕತ್ತರಿಸಿ, ಜೋಡಿ ಹೊಲಿಗೆ ಹಾಕಿದಳು.

ಹೊರಡುವ ಬೆಳಗ್ಗೆ ಸ್ಟ್ಯಾಂಡಿನವರೆಲ್ಲ ಬಂದಿದ್ದರು. ಅಷ್ಟು ಬಾಯಿಗಳಿದ್ದರೂ ಅಂದು ಯಾರೂ ಸಲಹೆ ಕೊಡಲಿಲ್ಲ. ಮೀಸೆ ಒಂದು ಹೊಸ ಕ್ಲಚ್ ಕೇಬಲ್ ತಂದು ಚೀಲದೊಳಗೆ ತುರುಕಿದ. ಟೋಪಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಅವನ ತಲೆ ಬೋಳು ಎಂದು ಬಹಳ ಜನಕ್ಕೆ ಅಂದೇ ಗೊತ್ತಾದದ್ದು. "ನಾನೂ ಹಿಂದೆ ಲಾರಿ ತರ್ಲಾ ಅಕ್ಕ?" ಎಂದ ಕ್ಲೀನರ್. "ಬೇಡಪ್ಪ. ನೀನು ಆಗ್ಲೇ ಒಂದು ಸಲ ಅವರ ಜೊತೆ ಇದ್ದೆಯಲ್ಲ, ಈಗ ನನ್ನ ಸರದಿ" ಎಂದಳು.

ಗಾಳಿ ದೂಡುವ ತಿರುವಿನಲ್ಲಿ ಹ್ಯಾಂಡಲ್ ಸಡಿಲ ಹಿಡಿದಳು. ಕೆಟ್ಟ ಟೀಯನ್ನು ಕೊನೆಯ ಗುಟುಕಿನವರೆಗೆ ಕುಡಿದಳು. ಬೆಳಗಾಗುವ ಬಯಲಿನಲ್ಲಿ ಬೈಕು ನಿಲ್ಲಿಸಿ, ಅವನು ಹೇಳಿದಷ್ಟೇ ಆಕಾಶವಿದೆಯೇ ಎಂದು ನೋಡಿದಳು. ಇತ್ತು. ಟೋಲ್ ದಾಟಿದ ಮೇಲೆ ಬಿಳಿ ಗೆರೆಯಿಂದಾಚೆಗೆ, ಜಲ್ಲಿ ಚದುರಿದ ಅಂಚಿನಲ್ಲಿ, ನಡೆಯುವವರ ವೇಗದಲ್ಲಿ ಹೋದಳು. ಬಲಕ್ಕೆ ಕಣ್ಣು ಹಾಯಿಸಿದರೆ ಬರೀ ಕಪ್ಪು ಟಾರು, ಅದರ ಮೇಲೆ ಒಂದರ ಹಿಂದೊಂದು ಲಾರಿ. ಸೇತುವೆ ಹತ್ತಿರವಾಗುತ್ತಿದ್ದಂತೆ, ಇನ್ನು ಮುಗಿದೇಹೋಗುತ್ತದೆ ಎನ್ನಿಸಿ ಗಾಡಿ ನಿಲ್ಲಿಸಿದಳು. ಇಲ್ಲೇ ಎನ್ನಲು ಏನೂ ಇರಲಿಲ್ಲ. ಅಲ್ಲ ಎನ್ನಲೂ ಏನೂ ಇರಲಿಲ್ಲ. ಮೆತ್ತೆ ಬಿಚ್ಚಿ ಅಂಚಿನ ಮಣ್ಣಿನ ಮೇಲೆ ಹಾಕಿ, ರಸ್ತೆಗೆ ಮುಖ ಮಾಡಿ ಕೂತಳು.

ಮೊದಲ ಲಾರಿಯವನು ಹಾರನ್ ಹೊಡೆದಾಗ ಬೆಚ್ಚಿದಳು. ಅವನು ಕಿಟಕಿಯಿಂದ ಕೈ ಹೊರಚಾಚಿ, ಏಳು, ದೂರ ಹೋಗು, ಸಾಯ್ತೀಯಾ ಎಂದು ಬೈಯುತ್ತ ಹೋದ. ಎರಡನೆಯವನೂ ಹೊಡೆದ. ಅವನ ಹಿಂದಿನವನು ಇನ್ನೂ ಉದ್ದಕ್ಕೆ ಹೊಡೆದ. ರಸ್ತೆಯ ಅಂಚಿನಲ್ಲಿ ಹೆಂಗಸೊಬ್ಬಳು ಮೆತ್ತೆ ಹಾಸಿ ಕೂತಿದ್ದರೆ ಯಾವ ಡ್ರೈವರು ತಾನೇ ಸುಮ್ಮನೆ ಹೋದಾನು? ಬಂದ ಬಂದ ಲಾರಿಯೆಲ್ಲ ಅಲ್ಲಿಗೆ ಬಂದಾಗ ಹಾರನ್ ಹೊಡೆಯುತ್ತಲೇ ಹೋಯಿತು.

ಸೀಟಕ್ಕ ಏಳಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅಳುವಿನ ನಡುವೆಯೇ, ಮೆಟ್ಟಿಲ ಮೇಲೆ ಕೂತವರಿಗೆ ಹೇಳುವಂತೆ, "ಹೊಡೆದ್ರು ಅತ್ತೆಮ್ಮ, ಹೊಡೆದ್ರು" ಎಂದಳು.